ಎಡಗಿವಿ

ಮೊಳಕಾಲ್ಮುರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಹಿಂದೆ ರೇಷ್ಮೆ ನೂಲಿಗೆ ಬಣ್ಣ ಹಾಕುವವರ ಶೆಡ್ಡಿದೆ. ದೊಡ್ಡ ಹಂಡೆಯ ಕೆಳಗೆ ಅವರು ಶೇಂಗಾ ಹೊಟ್ಟು ಸುಡುತ್ತಾರೆ. ಹೋದ ತಿಂಗಳು ಒಂದು ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಬೀಗ ತೆಗೆಯುತ್ತಿದ್ದೆ, ಇದ್ದಕ್ಕಿದ್ದಂತೆ ದಪದಪ ಮಳೆ ಬಿತ್ತು. ಒಲೆಯಿಂದ ಎಳೆದು ಹೊರಗೆ ಹರಡಿದ್ದ ಬಿಸಿ ಹೊಟ್ಟಿನ ಮೇಲೆ ನೀರು ಬಿದ್ದು ಹಬೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೀಗದ ಕೈ ಬೀಗದಲ್ಲೇ ನಿಂತಿತು. ಅದಕ್ಕೆ ಒಂದಿಷ್ಟು ಇಲಿ ಮೂತ್ರದ ಘಾಟು ಬೆರೆತಿದ್ದರೆ ಥೇಟ್ ಹಿಂದೆ ನಾನು ಕೆಲಸ ಮಾಡುತ್ತಿದ್ದ ಇಲಿಮನೆಯದೇ. ಆ ಘಾಟನ್ನು ನನ್ನ ಮೂಗು ತಾನಾಗಿ ಸೇರಿಸಿಕೊಂಡಿತು. ಒಳಗೆ ಹೋಗಲು ಮನಸ್ಸಾಗದೆ ಮೆಟ್ಟಿಲ ಮೇಲೆಯೇ ಕುಳಿತೆ.

ನಮ್ಮೂರು ಚಳ್ಳಕೆರೆ. ಅಬ್ಬಾ ಅಲ್ಲಿ ಲಾರಿ ಮೆಕ್ಯಾನಿಕ್. ಮಗಳು ನಸೀಮಾ ಸೂಕ್ಷ್ಮಾಣು ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಳು, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಸಂಶೋಧನಾ ಸಹಾಯಕಿಯಾದಳು ಅಂತ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದ್ದರು. ‘ಅಲ್ಲಿ ಏನು ಕೆಲಸ?’ ಅಂತ ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತಿದ್ದರು. ಚಿನ್ನದ ಪದಕ ತಗೊಂಡ ಮಗಳು ಇಲಿ ಸಾಕುತ್ತಾಳೆ ಅಂತ ಬಾಯಿಬಿಟ್ಟು ಹೇಳುವುದು ಹೇಗೆ?

ಊರ ಕುರಿಗಳು ಮೇಯುತ್ತಿದ್ದ ದೊಡ್ಡಉಳ್ಳಾರ್ತಿ ಕಾವಲಿನ ಸುತ್ತ ಸಂಶೋಧನಾ ಸಂಸ್ಥೆಗಳಿಗಾಗಿ ಗೋಡೆ ಎದ್ದ ಮೇಲೆ ಒಳಗೆ ಒಂದೊಂದೇ ಕಟ್ಟಡ ಬಂದಿತ್ತು. ನಮ್ಮದು ತೀರಾ ಒಂಟಿಯಾಗಿ ನಿಂತ, ಕಿಟಕಿಯಿಲ್ಲದ ಕಟ್ಟಡ. ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು, ಎಲ್ಲರ ಬಾಯಲ್ಲಿ ಮಾತ್ರ ಇಲಿಮನೆ. ಒಳಗೆ ಹೋಗಲು ಎರಡು ಬಾಗಿಲು. ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಒಳಗಿನ ಗಾಳಿ ಹೊರಗೆ ಹೋಗದಂತೆ ಹೀರಿಕೊಳ್ಳುವ ಯಂತ್ರ ಸದಾ ಗೊಂಯ್ ಅನ್ನುತ್ತಿತ್ತು. ಹೊರಗೆ ಬಂದರೆ ಪಕ್ಕದ ಆವರಣದವರು ಹಾರಿಸುವ ಚಾಲಕನಿಲ್ಲದ ವಿಮಾನ ತಲೆಯ ಮೇಲೆ ಗೊಂಯ್ ಅನ್ನುತ್ತಿತ್ತು. ಆ ಸದ್ದು ಕೇಳಿಸಿಕೊಂಡು ಕೇಳಿಸಿಕೊಂಡು, ಮನೆಗೆ ಬಂದ ಮೇಲೂ ಏನೋ ಆಗಲಿಕ್ಕಿದೆ ಅನ್ನಿಸುತ್ತಲೇ ಇರುತ್ತಿತ್ತು.

ಕುರಿಗಳಿಗೆ ಕಂದು ರೋಗ ಅಂತ ಬರುತ್ತದೆ. ದಿನ ತುಂಬುವ ಮೊದಲೇ ಗಬ್ಬದ ಕುರಿ ಸತ್ತ ಮರಿ ಹಾಕುತ್ತದೆ. ಅದೇ ಬ್ಯಾಕ್ಟೀರಿಯಾ ಮನುಷ್ಯರಿಗೆ ತಗುಲಿದರೆ ಬಂದು ಹೋಗಿ ಮತ್ತೆ ಬರುವ ಜ್ವರ, ಸಂಜೆಯ ಬೆವರು, ಮೂಳೆಯೊಳಗಿನ ನೋವು. ನಾವು ಅದನ್ನು ಬಿಳಿ ಇಲಿಗಳಿಗೆ ಚುಚ್ಚಿ, ಅವುಗಳ ಮೈ ಹೇಗೆ ಎದುರು ನಿಲ್ಲುತ್ತದೆ ಅಂತ ನೋಡುತ್ತಿದ್ದೆವು. ಬೇರೆ ಬ್ಯಾಕ್ಟೀರಿಯಾ ಹೊಕ್ಕರೆ ರಕ್ತದ ಬಿಳಿ ಕಣಗಳು ಓಡಿಬಂದು ನುಂಗಿ ಅರಗಿಸಿಬಿಡುತ್ತವೆ. ಇದು ನುಂಗಿಸಿಕೊಳ್ಳುತ್ತದೆ, ಆದರೆ ಅರಗುವುದಿಲ್ಲ. ನುಂಗಿದ ಕಣದ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ, ಕಳ್ಳ ಪೊಲೀಸಿನವನ ಮನೆಯಲ್ಲೇ ಬಾಡಿಗೆಗಿದ್ದ ಹಾಗೆ. ಮೇಲಿನಿಂದ ನೋಡಿದರೆ ಇಲಿ ಓಡಾಡಿಕೊಂಡು, ತಿಂದುಕೊಂಡು ಇರುತ್ತದೆ. ಕೊನೆಗೆ ಕೊಯ್ದು ನೋಡಿದಾಗ ಹೊಟ್ಟೆಯ ಪಕ್ಕದ ಗುಲ್ಮ ಕಪ್ಪಗೆ ಊದಿಕೊಂಡಿರುತ್ತದೆ. ಅಷ್ಟು ದಿನವೂ ಯುದ್ಧ ನಡೆದದ್ದು ಅಲ್ಲಿ.

ಆ ವರ್ಷ ನಮ್ಮ ಪ್ರಶ್ನೆ ಬೇರೆಯಿತ್ತು. ಸೋಂಕಿನ ಇಲಿಯ ಜೊತೆ ಬರೀ ಒಟ್ಟಿಗೆ ಬಾಳಿದರೆ ಸೋಂಕಿಲ್ಲದ ಇಲಿಯ ರಕ್ತವೂ ಎಚ್ಚರಗೊಳ್ಳುತ್ತದೆಯೇ? ಅದಕ್ಕೆ ಪೆಟ್ಟಿಗೆಗೆ ಆರು ಇಲಿ. ಮೂರಕ್ಕೆ ಬ್ಯಾಕ್ಟೀರಿಯಾ ಚುಚ್ಚಿದ್ದೆ, ಮೂರಕ್ಕೆ ಬರೀ ಉಪ್ಪುನೀರು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಳತೆ; ಗುರುತಿಗೆ ಕಿವಿಯೊಂದೇ. ಯುಗಾದಿ ಕಳೆದ ವಾರ ಒಬ್ಬಳೇ ಕುಳಿತು ಪ್ರತಿಯೊಂದನ್ನೂ ಕತ್ತಿನ ಚರ್ಮ ಹಿಡಿದೆತ್ತಿ, ಬೆನ್ನು ನನ್ನ ಅಂಗೈಗೆ, ಮುಖ ನನ್ನ ಮುಖಕ್ಕೆ ಬರುವಂತೆ ಹಿಡಿದು, ಕಿವಿಯಂಚಿಗೆ ಸಣ್ಣ ಕಚ್ಚು ಹಾಕಿದೆ. ಪುಸ್ತಕದಲ್ಲಿ ದುಂಡಗೆ ಬರೆದೆ: ಬಲಗಿವಿ ಸೋಂಕು, ಎಡಗಿವಿ ಉಪ್ಪುನೀರು.

ಕಚ್ಚು ಹಾಕಿದ ಮೇಲೆ ನಮ್ಮ ಕೋಣೆಗೆ ಪಾಲಣ್ಣನನ್ನು ಹಾಕಿದರು. ಹೆಸರು ಪಾಲಯ್ಯ, ವಯಸ್ಸು ಐವತ್ತರ ಮೇಲೆ, ಊರು ದೊಡ್ಡಉಳ್ಳಾರ್ತಿಯೇ. ಗೋಡೆ ಏಳುವ ಮೊದಲು ಅವನ ಕುರಿ ಮೇಯುತ್ತಿದ್ದದ್ದು ಈಗ ಇಲಿಮನೆ ನಿಂತಿರುವ ಜಾಗದಲ್ಲೇ. ಈಗ ಅವನು ಅಲ್ಲೇ ಪೆಟ್ಟಿಗೆ ತೊಳೆಯುತ್ತಿದ್ದ, ಇಲಿಗಳ ಕೆಳಗಿನ ಹೊಟ್ಟು ಬದಲಿಸುತ್ತಿದ್ದ, ತೆಗೆದ ಹೊಟ್ಟನ್ನು ಹಬೆಯಲ್ಲಿ ಬೇಯಿಸಿ ಹೊರಗೆ ಹಾಕುತ್ತಿದ್ದ. ಆ ಕೆಲಸಕ್ಕೆ ಅವನು ಜೋತುಬಿದ್ದದ್ದು ಒಂದೇ ಕಾರಣಕ್ಕೆ. ಮಳೆಗಾಲ ಮುಗಿಯುವಾಗ ಆವರಣದೊಳಗಿನ ಹುಲ್ಲು ಕೊಯ್ಯಿಸುತ್ತಿದ್ದರು, ಗೇಟ್ ಪಾಸು ಇರುವ ಕೆಲಸಗಾರರು ದಿನಕ್ಕೊಂದು ಹೊರೆ ಹೊತ್ತೊಯ್ಯಬಹುದಿತ್ತು. ಅವನ ಕುರಿಗಳು ಬೇಸಿಗೆ ದಾಟುತ್ತಿದ್ದದ್ದು ಆ ಹೊರೆಗಳಿಂದಲೇ.

ಬಂದ ಮೂರನೇ ದಿನ ಒಂದು ಪೆಟ್ಟಿಗೆಯ ಮುಂದೆ ಬಗ್ಗಿ ನಿಂತು ಕರೆದ.

“ಮೇಡಮ್ಮೋರೆ, ಇದು ಮಂಕಾಗೈತೆ ನೋಡ್ರಿ.”

“ತಿಂತೈತಲ್ಲ ಪಾಲಣ್ಣ?”

“ತಿಂತೈತೆ ಬಿಡ್ರಿ. ರೋಮ ನೋಡ್ರಿ, ಎದ್ದು ನಿಂತೈತೆ. ಮಿಕ್ಕಿದ್ವೆಲ್ಲ ಒಂದ್ರ ಮೇಲೊಂದು ಬಿದ್ಕೊಂಡವೆ, ಇದು ಗೇಣು ದೂರ. ಮೊದ್ಲು ರೋಮ ಏಳ್ತೈತೆ, ಆಮೇಲೆ ಗುಂಪು ಬಿಡ್ತೈತೆ, ಕೊನೆಗೆ ಮೇವು ಬಿಡ್ತೈತೆ. ಕುರಿಗೂ ಅಷ್ಟೇ, ಇಲಿಗೂ ಅಷ್ಟೇ.”

ಎಂದಿನಂತೆ ಮುಖಕ್ಕೆ ಮುಖ ಹಿಡಿದೆತ್ತಿ ಕಿವಿ ನೋಡಿದೆ, ಅವನು ತೋರಿಸಿದ್ದು ಸೋಂಕು ಚುಚ್ಚಿದ ಇಲಿಯೇ ಆಗಿತ್ತು. ಆ ಲಕ್ಷಣ ಮೊದಲ ಕೆಲವು ದಿನ ಮಾತ್ರ. ಆಮೇಲೆ ಆ ಇಲಿಗಳೂ ಉಳಿದವುಗಳ ಹಾಗೆಯೇ ಆಗಿಬಿಡುತ್ತಿದ್ದವು. ಅಷ್ಟರಲ್ಲಿ ಪಾಲಣ್ಣ ನನಗೆ ರೋಮ ನೋಡುವುದನ್ನು ಕಲಿಸಿಬಿಟ್ಟಿದ್ದ. ಬಸ್ಸಿನಲ್ಲಿ ಎದುರಿಗೆ ಕುಳಿತವರ ಮುಂಗೈ ನೋಡುವ ಚಟ ನನಗೆ ಹತ್ತಿತು. ಈಗಲೂ ಬಿಟ್ಟಿಲ್ಲ.

ಪಾಲಣ್ಣನನ್ನು ಇಲಿ ಕಚ್ಚಿದ್ದು ರೋಹಿಣಿ ಮಳೆಯ ಒಂದು ಮಧ್ಯಾಹ್ನ. ಹೊರಗೆ ಗುಡುಗು. ಕರೆಂಟು ಹೋಗಿ ಜನರೇಟರ್ ಹಿಡಿದುಕೊಳ್ಳುವ ನಡುವೆ ಗೊಂಯ್ ಸದ್ದು ನಿಂತುಹೋಯಿತು. ಆ ಮೌನಕ್ಕೆ ಇಲಿಗಳೆಲ್ಲ ಬೆದರಿ ಓಡಾಡತೊಡಗಿದವು. ಪಾಲಣ್ಣ ಒಂದನ್ನು ಹೊಸ ಪೆಟ್ಟಿಗೆಗೆ ದಾಟಿಸುತ್ತಿದ್ದ. ಇಕ್ಕಳದಲ್ಲಿ ಎತ್ತಬೇಕೆನ್ನುವುದು ನಿಯಮ. ಅವನಿಗೆ ಕೈಯೇ ವಾಸಿ. ದೀಪ ಬರುವಷ್ಟರಲ್ಲಿ “ಸ್ಸ್” ಅಂದ. ಇಲಿಯನ್ನು ಉಳಿದವುಗಳ ಜೊತೆ ಪೆಟ್ಟಿಗೆಯೊಳಗೆ ಬಿಟ್ಟಾಗಿತ್ತು, ಮುಚ್ಚಳವನ್ನೂ ಹಾಕಿದ್ದ. ಎರಡು ಪದರ ಕೈಗವಸಿನ ಕೆಳಗೆ ತೋರುಬೆರಳಿನ ಮೇಲೆ ಸಾಸಿವೆಯಷ್ಟು ರಕ್ತ.

“ಯಾವ ಕಿವಿದು ಪಾಲಣ್ಣ?” ಅಂದೆ.

“ಎಡಗಿವಿ.”

“ಸರಿಯಾಗಿ ನೋಡಿದ್ಯಾ?”

“ಕರೆಂಟು ಹೋಗೋ ಮುಂಚೆ ಎತ್ತಿದ್ದು, ನೋಡೇ ಎತ್ತಿದ್ದು. ಹುಟ್ಟಿದಾಗಿಂದ ನೋಡಿರೋದು ಅದನ್ನೇ. ಕಿವಿ ನೋಡೋದು ನೀವು ನಂಗೆ ಹೇಳ್ಕೊಡ್ತೀರಾ?”

ಎಡಗಿವಿ ಅಂದರೆ ಉಪ್ಪುನೀರು. ಹೋದ ಜೀವ ಬಂದಂತಾಯಿತು. ಆದರೂ ಯಾವ ಇಲಿ ಕಚ್ಚಿದರೂ ಬರೆಯಲೇಬೇಕು ಅಂತ ನಿಯಮವಿತ್ತು. ಬರೆದರೆ ಆಸ್ಪತ್ರೆ, ಮುಂಜಾಗ್ರತೆಯ ಮಾತ್ರೆ, ರಕ್ತ ಪರೀಕ್ಷೆ. ನಾನು ಬೆರಳನ್ನು ಸೋಪಿನಲ್ಲಿ ತೊಳೆಸಿ ಸ್ಪಿರಿಟ್ ಹಚ್ಚಿ, ಪುಸ್ತಕ ತೆಗೆದೆ.

“ಬರೀಬೇಡ್ರಿ,” ಅಂದ ಪಾಲಣ್ಣ. “ಹೋದ ವರ್ಷ ಬೆರಳು ಕುಯ್ಕೊಂಡೋನ ಪಾಸು ಮಾರನೇ ದಿನಾನೇ ಕಿತ್ಕೊಂಡ್ರು. ಹುಲ್ಲು ಕೊಯ್ಯೋಕೆ ಇನ್ನೂ ತಿಂಗ್ಳುಗಟ್ಲೆ ಐತೆ. ಎಡಗಿವಿ ತಾನೇ? ಏನಾಗಲ್ಲ ಬಿಡ್ರಿ.”

ಅವನು ಬೇಡವೆಂದದ್ದಕ್ಕೆ ಬರೆಯಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬರೆದಿದ್ದರೆ ಆ ಪೆಟ್ಟಿಗೆಯನ್ನು ಲೆಕ್ಕದಿಂದ ತೆಗೆಯುತ್ತಿದ್ದರು, ವಿಚಾರಣೆ ಮುಗಿಯುವ ತನಕ ಕೋಣೆಗೆ ಬೀಗ ಬೀಳುತ್ತಿತ್ತು. ವರದಿಯಲ್ಲಿ ಮೊದಲ ಹೆಸರು ನನ್ನದೇ ಅಂತ ನಮ್ಮ ಹಿರಿಯ ವಿಜ್ಞಾನಿ ಮಾತು ಕೊಟ್ಟಿದ್ದರು. ಪುಸ್ತಕ ಮುಚ್ಚಿಟ್ಟ ಕೈ ನನ್ನದು.

ಮೃಗಶಿರ ಮಳೆ ಹನಿ ಉದುರಿಸಿ ಹೋಯಿತು. ಆರಿದ್ರ ಅಷ್ಟೂ ಮಾಡಲಿಲ್ಲ. ಆಷಾಢದ ಗಾಳಿ ಮಾತ್ರ ತಪ್ಪದೆ ಬಂತು. ಕಾವಲಿನ ಧೂಳೆಲ್ಲ ಎದ್ದು ಗೋಡೆಗೆ ಬಡಿದು ಬುಡದಲ್ಲಿ ಗುಡ್ಡೆ ಬೀಳುತ್ತಿತ್ತು. ಆ ಗಾಳಿಯಲ್ಲಿ ಪಾಲಣ್ಣ ಸ್ವೆಟರ್ ಹಾಕಿಕೊಂಡು ಬರತೊಡಗಿದ. ಚಳಿಯೇ ಅಂದರೆ “ಗಾಳಿ ಅಲ್ವಾ” ಅಂದ. ಬೆಳಿಗ್ಗೆ ಚೆನ್ನಾಗಿರುತ್ತಿದ್ದ, ಸಂಜೆ ಬಸ್ಸಿನ ಹೊತ್ತಿಗೆ ಅವನ ಅಂಗಿ ಬೆವರಿಗೆ ಬೆನ್ನಿಗಂಟಿರುತ್ತಿತ್ತು. ಊರಿನಲ್ಲಿ ಯಾರೋ ಟೈಫಾಯ್ಡ್ ಅಂದರಂತೆ, ಇನ್ಯಾರೋ ಇಂಜೆಕ್ಷನ್ ಹಾಕಿದರಂತೆ. ಹತ್ತು ದಿನ ಜ್ವರ ಬಿಟ್ಟಿತು, ಮತ್ತೆ ಬಂತು.

ಮಧ್ಯಾಹ್ನ ಕೆಲಸದವರೆಲ್ಲ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಒಂದು ದಿನ ನೋಡುತ್ತೇನೆ, ಪಾಲಣ್ಣ ಅವರ ಜೊತೆಗಿಲ್ಲ. ದೂರದಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ಒಬ್ಬನೇ ಕುಳಿತಿದ್ದ. ಹತ್ತಿರ ಹೋದೆ. ಮುಂಗೈಯ ರೋಮ ಎದ್ದು ನಿಂತಿತ್ತು. ಬುತ್ತಿಯ ಗಂಟು ಬಿಚ್ಚಿರಲಿಲ್ಲ.

ಅವನೇ ಕಲಿಸಿದ ಮೂರೂ ಲಕ್ಷಣ ಅವನ ಮೈಮೇಲೇ ಇದ್ದವು. ನನಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಆದರೂ ಎಡಗಿವಿ, ಎಡಗಿವಿ ಅಂತ ಮನಸ್ಸಿನಲ್ಲೇ ಜಪಿಸಿಕೊಂಡು ಒಳಗೆ ಹೋದೆ. ಉಪ್ಪುನೀರಿನ ಇಲಿ ಕಚ್ಚಿ ಯಾರಿಗೂ ಜ್ವರ ಬರುವುದಿಲ್ಲ.

ಪುಷ್ಯ ಮಳೆ ಹೂಡಿದ ಭಾನುವಾರ ಪಾಲಣ್ಣ ಮನೆಗೆ ಕರೆದ. ಹೊಸ ಮರಿಗಳಿಗೆ ಕಿವಿ ಗುರುತು ಹಾಕುವ ದಿನ, ಊಟಕ್ಕೆ ಬರ್ರಿ ಅಂದಿದ್ದ. ಹೋದೆ. ಅವನು ಹಟ್ಟಿಯ ಪಕ್ಕ ಬಿಸಿಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ. ಕೆಲಸವೆಲ್ಲ ಹೆಂಡತಿ ಬೋರಮ್ಮನ ಕೈಯಲ್ಲಿ. ಆಕೆಯ ತವರು ಮೊಳಕಾಲ್ಮುರಿನ ಆಚೆ ಆಂಧ್ರದ ಗಡಿ. ನನ್ನ ಜೊತೆ ಕನ್ನಡ, ಕುರಿಗಳನ್ನು ಬೈಯಲು ತೆಲುಗು. ಅವರ ಕುರಿಗಳ ಜೊತೆಗೇ ಬೋರಮ್ಮನ ತಮ್ಮನ ಕುರಿಗಳೂ ಮೇಯುತ್ತಿದ್ದವು. ಇವರವಕ್ಕೆ ಎಡಗಿವಿಯಲ್ಲಿ ಕಚ್ಚು, ಅವನವಕ್ಕೆ ಬಲಗಿವಿಯಲ್ಲಿ.

ನಾನೂ ಕೈ ಹಾಕುತ್ತೇನೆ ಅಂದೆ. ಒಂದು ಮರಿಯ ಮುಂದೆ ಮಂಡಿಯೂರಿ ಅದರ ಮುಖ ಹಿಡಿದುಕೊಂಡೆ.

“ಎಡಗಿವಿ ಹಿಡ್ಕಾ ತಾಯಿ,” ಅಂದಳು ಬೋರಮ್ಮ, ಕತ್ತರಿ ಎತ್ತಿಕೊಂಡು.

ಹಿಡಿದೆ.

“ಅಯ್ಯ, ಎಡಗಿವಿ ಅಂದೆ!”

“ಇದೇ ಅಲ್ವಾ?”

ಬೋರಮ್ಮ ಕತ್ತರಿ ಕೆಳಗಿಟ್ಟು ನಕ್ಕಳು. ಕಂಬಳಿಯೊಳಗಿನಿಂದ ಪಾಲಣ್ಣನೂ ನಕ್ಕ, ಸೊಂಟ ಹಿಡಿದುಕೊಂಡು. “ಇಷ್ಟೊಂದು ಓದಿದ್ದಾರೆ, ಎಡ ಬಲ ಗೊತ್ತಿಲ್ಲ ನೋಡೇ ಇವ್ರಿಗೆ. ಮೇಡಮ್ಮೋರೆ, ಅದು ನಿಮ್ಮ ಎಡ. ಮರಿ ಎಡ ಈ ಕಡೆ. ನಾವು ಕುರಿ ಹಿಂದೆ ನಡೆಯೋ ಜನ, ಅದ್ರ ಎಡ ನಮ್ಮೆಡ ಎರಡೂ ಒಂದೇ. ನಿಮ್ಮಂಗೆ ಮುಂದೆ ಕುಂತು ನೋಡಿದ್ರೆ ಎಲ್ಲಾ ತಿರುಗಾ ಮುರುಗಾ.”

ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ನನ್ನ ಅಂಗೈಯಲ್ಲಿ ಬೆನ್ನಿಟ್ಟು, ನನ್ನನ್ನೇ ನೋಡುತ್ತಿದ್ದ ಬಿಳಿ ಇಲಿ ಕಣ್ಣ ಮುಂದೆ ಬಂತು. ಮುಖಕ್ಕೆ ಮುಖ. ಒಂದೊಂದನ್ನೂ ಹಾಗೆ ಹಿಡಿದೇ ನಾನು ಎಡ, ಬಲ ಅಂತ ಬರೆದದ್ದು. ನನ್ನ ಪುಸ್ತಕದ ಬಲಗಿವಿಯೇ ಇಲಿಯ ಎಡಗಿವಿ. ಪಾಲಣ್ಣ ಎಂದಿನ ಅಭ್ಯಾಸದಂತೆ ಅದನ್ನು ಹಿಂದಿನಿಂದ ನೋಡಿದ್ದ. ಅವನು ಸರಿಯಾಗಿಯೇ ಹೇಳಿದ್ದ. ಅವನನ್ನು ಕಚ್ಚಿದ್ದು ಸೋಂಕಿನ ಇಲಿ.

ಮುದ್ದೆ ಬಡಿಸಿದರು. ಒಂದು ತುತ್ತು ಮುರಿದು ತಟ್ಟೆಯಲ್ಲೇ ಬಿಟ್ಟೆ. “ಸಾಬರ ಹುಡ್ಗಿ, ನಮ್ಮ ಊಟ ಹಿಡಿಸಲ್ಲೇನೋ,” ಅಂತ ಬೋರಮ್ಮ ಬೇಜಾರು ಮಾಡಿಕೊಂಡಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಗುರುವಾರ ಹೊರಗಿನಿಂದ ದೊಡ್ಡವರು ಬರುವವರಿದ್ದರು, ಅವರ ಮುಂದೆ ವರದಿ ಓದುವವಳು ನಾನು. ಅದೊಂದು ಮುಗಿಯಲಿ ಅಂದುಕೊಂಡೆ. ಭಾನುವಾರದಿಂದ ಗುರುವಾರದವರೆಗೆ ನಾಲ್ಕು ದಿನ ಪಾಲಣ್ಣ ಗೋಡೆಗೆ ಒರಗಿ ಕುಳಿತಿದ್ದ, ನಾನು ಅವನ ಮುಂದೆಯೇ ಓಡಾಡಿದೆ. ಒಟ್ಟಿಗೆ ಬಾಳಿದ ಮಾತ್ರಕ್ಕೆ ಸೋಂಕಿಲ್ಲದ ಇಲಿಗಳಿಗೆ ಏನೂ ಆಗಲಿಲ್ಲ ಅಂತ ಗುರುವಾರ ಓದಿದೆ. ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂದು ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅಬ್ಬಾನ ಶೆಡ್ಡಿಗೆ ಹೋದೆ. ಅವರು ಲಾರಿಯ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದರು. ಕಾಲು ಮಾತ್ರ ಹೊರಗೆ.

“ಅಬ್ಬಾ, ಲಾರಿಯ ಎಡ ಅಂದರೆ ಯಾರ ಎಡ?”

ನಾವು ಆಡುವುದು ಉರ್ದು. ಕೆಳಗಿನಿಂದಲೇ ಉತ್ತರ ಬಂತು. “ಸೀಟಿನಲ್ಲಿ ಕೂತವನ ಎಡ. ಲಾರಿಯ ಮುಂದೆ ನಿಂತು ಎಡ ಬಲ ಹೇಳುವವನು ಮೆಕ್ಯಾನಿಕ್ ಅಲ್ಲ ಬೇಟಿ, ಸುಮ್ಮನೆ ನೋಡಲು ಬಂದವನು.”

ಚಿಕ್ಕಂದಿನಿಂದ ಆ ಶೆಡ್ಡಿನಲ್ಲಿ ಆಡಿದವಳಿಗೆ ಇದು ಗೊತ್ತಿಲ್ಲದ ವಿಷಯವೇ? ಅಲ್ಲೇ ಟೈರಿನ ಮೇಲೆ ಕುಳಿತು ಅಳುತ್ತಾ ಎಲ್ಲ ಹೇಳಿದೆ. ಅಬ್ಬಾ ಹೊರಗೆ ಬಂದು ಬಟ್ಟೆಯ ಚೂರಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. “ಆ ಮನುಷ್ಯನ ಮನೆ ತೋರಿಸು,” ಅಂದು ಗಿರಾಕಿಯೊಬ್ಬರ ಜೀಪು ತೆಗೆದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ವೈದ್ಯರು ಪಾಲಣ್ಣನ ಬೆನ್ನು ಒತ್ತಿ ನೋಡಿ ಮೊದಲು ಕೇಳಿದ್ದು, “ಕುರಿ ಸಾಕಿದ್ದೀರಾ?”

“ಸಾಕಿದ್ದೀನಿ ಸ್ವಾಮಿ.”

“ಹಾಗಾದರೆ ಅಲ್ಲಿಂದಲೇ ಬಂದಿರಬೇಕು,” ಅಂತ ಅವರು ಬರೆದುಕೊಳ್ಳತೊಡಗಿದರು. ನನಗೆ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಸುಮ್ಮನಿದ್ದಿದ್ದರೆ ಎಲ್ಲವೂ ಕುರಿಯ ತಲೆಗೆ ಹೋಗುತ್ತಿತ್ತು. ಅಬ್ಬಾ ನನ್ನನ್ನೇ ನೋಡುತ್ತಿದ್ದರು. ಪಾಲಣ್ಣನೂ ನೋಡಿದ, ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಅವನ ಯೋಚನೆ ಆಗಲೂ ಪಾಸಿನದೇ.

“ಕುರಿಯಿಂದ ಅಲ್ಲ ಸರ್,” ಅಂದೆ. “ನಮ್ಮ ಇಲಿ ಕಚ್ಚಿದೆ. ನಾನು ಬರೆದಿಡಲಿಲ್ಲ.”

ಅದು ನಿಜವೆನ್ನುವುದಕ್ಕೆ ಸಾಕ್ಷಿಯೂ ಸಿಕ್ಕಿತು. ಕುರಿಗೆ ಕಿವಿಯಲ್ಲಿ ಕಚ್ಚು ಇರುವಂತೆ ನಮ್ಮ ಬ್ಯಾಕ್ಟೀರಿಯಾಕ್ಕೂ ಒಂದು ಗುರುತು ಇಟ್ಟಿದ್ದೆವು. ಒಂದು ಔಷಧಿಗೆ ಅದು ಸಾಯದಂತೆ ಮಾಡಿದ್ದೆವು. ಪಾಲಣ್ಣನ ರಕ್ತದಲ್ಲಿ ಬೆಳೆದದ್ದೂ ಆ ಔಷಧಿಗೆ ಸಾಯಲಿಲ್ಲ. ಬೇರೆ ಎರಡು ಬಗೆಯ ಔಷಧಿ ತಿಂಗಳುಗಟ್ಟಲೆ ಕೊಟ್ಟರು. ಜ್ವರ ಹೋಯಿತು. ಆದರೆ ಅಷ್ಟರಲ್ಲಿ ಅದು ಬೆನ್ನುಮೂಳೆ ಸೇರಿ ತಿಂದಿತ್ತು. ಕಚ್ಚಿದ ವಾರವೇ ಮಾತ್ರೆ ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಅಂದರು ವೈದ್ಯರು. ಕೊನೆಯ ಆ ನಾಲ್ಕು ದಿನದಿಂದ ಹೆಚ್ಚೇನೂ ಕೆಟ್ಟಿರಲಾರದು ಅಂತಲೂ ಸಮಾಧಾನ ಹೇಳಿದರು. ನನ್ನನ್ನು ಹೆಚ್ಚು ಕಾಡುವುದು ಆ ನಾಲ್ಕು ದಿನವೇ.

ಆವರಣದವರು ನನ್ನನ್ನು ಕೆಲಸದಿಂದ ತೆಗೆದರು, ಅದು ನ್ಯಾಯ. ಪಾಲಣ್ಣನ ಪಾಸನ್ನೂ ಕಿತ್ತುಕೊಂಡರು. ಹುಲ್ಲು ಕೊಯ್ಯುವ ಕಾಲಕ್ಕೆ ಅವನು ಗೋಡೆಯ ಹೊರಗಿದ್ದ. ಅರ್ಧ ಕುರಿ ಮಾರಿದರಂತೆ. ಕೇಳಿಸಿಕೊಂಡೆ, ಹೋಗಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೊಳಕಾಲ್ಮುರಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ವರ್ಷಗಳು ಕಳೆದವು.

ಹೊಟ್ಟಿನ ವಾಸನೆ ಬಡಿದ ಮಾರನೆಯ ದಿನ ರಜೆ ಹಾಕಿ ದೊಡ್ಡಉಳ್ಳಾರ್ತಿಗೆ ಹೋದೆ. ಇಳಿಬಿಸಿಲು. ಹಟ್ಟಿಯ ಬಾಯಲ್ಲಿ ಚಪ್ಪಡಿ ಕಲ್ಲಿನ ಮೇಲೆ ಪಾಲಣ್ಣ ಕುಳಿತಿದ್ದ, ಸೊಂಟಕ್ಕೆ ಅಗಲವಾದ ಪಟ್ಟಿ, ಪಕ್ಕದಲ್ಲಿ ಕೋಲು. ಕಣ್ಣು ಕಿರಿದು ಮಾಡಿ ನೋಡಿದ.

“ಮೇಡಮ್ಮೋರಾ? ಬರ್ರಿ, ಕುಂತ್ಕಳ್ರಿ.”

ವರ್ಷಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. “ತಪ್ಪಾಯ್ತು ಪಾಲಣ್ಣ,” ಅಂದೆ ಅಷ್ಟೇ. ಅವನು ಕುರಿ ಬರುವ ದಾರಿಯನ್ನೇ ನೋಡುತ್ತಿದ್ದ. ಗೋಡೆಯ ಆಚೆ ಎಲ್ಲೋ ಗೊಂಯ್ ಅನ್ನುತ್ತಿತ್ತು.

ಧೂಳೆದ್ದಿತು. ಕುರಿಗಳು ನಮಗೆ ಎದುರಾಗಿ ಬಂದವು, ಅವುಗಳ ಹಿಂದೆ ಬೋರಮ್ಮ. ಈಗ ಕುರಿ ಹಿಂದೆ ನಡೆಯುವವಳು ಅವಳೊಬ್ಬಳೇ. ದೂರದಿಂದಲೇ ಕೂಗಿದಳು: “ಮುಂದಿರೋ ಎಡಗಿವಿ ಮರಿಗೆ ಮುಳ್ಳು ಚುಚ್ಚೈತೆ, ಹಿಡ್ಕಾ!”

ಮುಂದೆ ಎರಡು ಮರಿ ಒಟ್ಟಿಗೆ ಬರುತ್ತಿದ್ದವು. ಪಾಲಣ್ಣ ಕೂತಲ್ಲಿಂದಲೇ ಕೈ ಚಾಚಿ ಒಂದರ ಕತ್ತಿಗೆ ಕೈ ಹಾಕಿದ.

“ಅದಲ್ಲ, ಅದು ನಮ್ಮ ತಮ್ಮನ್ದು! ಎಡಗಿವಿ ಅಂದೆ!”

ಪಾಲಣ್ಣ ಹಿಡಿದಿದ್ದ ಮರಿಯ ಕಿವಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಮುಖದಲ್ಲಿ ನಗುವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

“ನೋಡಿದ್ರಾ ಮೇಡಮ್ಮೋರೆ, ಈಗ ನಾನೂ ನಿಮ್ಮಂಗೇ ಮುಂದೆ ಕುಂತು ನೋಡೋನು,” ಅಂದು ಮರಿಯನ್ನು ಬಿಟ್ಟ.

ನಾನು ಎದ್ದು ಇನ್ನೊಂದು ಮರಿಯ ಹಿಂದೆ ಹೋಗಿ ನಿಂತು, ಅದರ ಎಡಗಿವಿ ಮುಟ್ಟಿ ನೋಡಿ, ಎತ್ತಿಕೊಂಡು ಬಂದು ಅವನ ತೊಡೆಯ ಮೇಲೆ ಇಟ್ಟೆ.